ಹತ್ತೊಂಬತ್ತಕ್ಕೆ ಇಳಿದ ಬೀಗರು

ಬಸ್ಸು ನಿಲ್ದಾಣದೊಳಗೆ ತಿರುಗುತ್ತಿರುವಾಗಲೇ ಅದರ ಜೊತೆ ಓಡುತ್ತ, ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುವ ವಿದ್ಯೆಯಲ್ಲಿ ನಮ್ಮ ಕುಷ್ಟಗಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಆ ನಂಬಿಕೆ ಮುರಿದುಬಿದ್ದದ್ದು ಕೊಪ್ಪಳದ ಬಸ್ ನಿಲ್ದಾಣದಲ್ಲಿ. ಯಲಬುರ್ಗಾ ಹಾಯ್ದು ಕುಷ್ಟಗಿಗೆ ಹೋಗುವ ಬಸ್ಸು ಬಂತು. ನಾನು ಒಗೆದ ಟವೆಲ್ ಸರಿಯಾಗಿ ಸೀಟಿನ ನಡುವೆ ಬಿತ್ತು. ನೂಕಿಕೊಂಡು ಹತ್ತಿ ಒಳಗೆ ಹೋಗಿ ನೋಡಿದರೆ ನನ್ನ ಟವೆಲ್ಲಿನ ಮೇಲೆ ಇನ್ನೊಂದು ಟವೆಲ್, ಆ ಟವೆಲ್ಲಿನ ಮೇಲೆ ಒಬ್ಬ ಮನುಷ್ಯ. ಅವನ ತೊಡೆಯ ಮೇಲೆ ನನ್ನದರಂಥದೇ ಒಂದು ಕ್ಯಾಮೆರಾ ಚೀಲ.

"ಇದು ನನ್ನ ಸೀಟ್ ರೀ. ಬೇಕಾರ ಎದ್ದು ಕೆಳಗ ನೋಡ್ರಿ, ನನ್ನ ಟವಲ್ ಐತಿ," ಎಂದೆ.

"ಯಾರದು ಮ್ಯಾಲೈತಿ ಅವನದ ಸೀಟು. ಯಲಬುರ್ಗಾದಾಗ ನಾ ಇಳೀತೇನಿ, ಆಗ ನಿನ್ನ ಟವಲ್ ನೀ ತಗೋಲೇ," ಎಂದ.

ಗುರುತಿಲ್ಲ ಪರಿಚಯವಿಲ್ಲ, ಬಾಯಿ ತೆಗೆದರೆ 'ಲೇ'. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವನ ನೆತ್ತಿಯ ಮೇಲೆ ಕಂಬಿ ಹಿಡಿದು ನಿಂತು ಯಲಬುರ್ಗಾದವರೆಗೆ ಜಗಳವಾಡಿದೆ. ಅವನ ಊರು ಬಂತು. ಅವನು ಇಳಿಯಲಿಲ್ಲ. ಜಗಳ ಇನ್ನೂ ಮುಗಿದಿಲ್ಲ ಎಂದು ಕುಷ್ಟಗಿಗೇ ಟಿಕೆಟ್ ತೆಗೆಸಿದ. ನಮ್ಮ ಮನೆಗೆ ಬಂದು, ರೊಟ್ಟಿ ಪಲ್ಯ ತಿಂದು, ನನ್ನ ಹೆಂಡತಿಯ ಎದುರು ನನ್ನ ಮೇಲೆ ದೂರು ಹೇಳಿ, ಕೊನೆಯ ಬಸ್ಸಿಗೆ ಯಲಬುರ್ಗಾಕ್ಕೆ ವಾಪಸು ಹೋದ. ನಮ್ಮ ಮಕ್ಕಳಿನ್ನೂ ಸಣ್ಣವರಿದ್ದಾಗಿನ ಮಾತು ಇದು; ಅಂದಿನಿಂದ ನಾವು ಗೆಳೆಯರು.

ಅವನದು ಯಲಬುರ್ಗಾದಲ್ಲಿ ಫೋಟೊ ಸ್ಟುಡಿಯೊ, ನನ್ನದು ಕುಷ್ಟಗಿಯಲ್ಲಿ. ಇಬ್ಬರದೂ ಮದುವೆ, ಸೀಮಂತ, ತೊಟ್ಟಿಲು ಎಂದು ಊರೂರು ತಿರುಗುವ ಬದುಕು. ಹೊರಗಿನವರಿಗೆ ವಿಡಿಯೊ ಎಂದರೆ ಶೂಟಿಂಗ್ ಅಷ್ಟೇ. ಶೂಟಿಂಗ್ ಸಣ್ಣ ಕೆಲಸ. ಆಮೇಲೆ ಮಿಕ್ಸಿಂಗ್ ಮಾಡಬೇಕು. ಅಳುವ ತಾಯಿಯನ್ನು ಇಟ್ಟು, ಆಕಳಿಸುವ ಸೋದರಮಾವನನ್ನು ಕಿತ್ತು ಹಾಕಬೇಕು. ಅದೆಲ್ಲ ಮುಗಿದ ಮೇಲೆ ರೆಂಡರಿಗೆ ಹಾಕಬೇಕು. ಕತ್ತರಿಸಿ ಜೋಡಿಸಿದ್ದನ್ನೆಲ್ಲ ಕಂಪ್ಯೂಟರು ಅರೆದು ಅರೆದು ಒಂದೇ ಫೈಲು ಮಾಡಿಕೊಡುವುದಕ್ಕೆ ರೆಂಡರ್ ಎನ್ನುತ್ತಾರೆ. ನಮ್ಮ ಅಂಗಡಿಯ ಕಂಪ್ಯೂಟರುಗಳಲ್ಲಿ ಒಂದು ಮದುವೆ ರೆಂಡರ್ ಆಗುವುದರೊಳಗೆ ಆ ಮದುಮಗಳು ತೊಟ್ಟಿಲ ಕಾರ್ಯಕ್ಕೆ ತಾರೀಖು ಕೇಳಿಕೊಂಡು ಬರುತ್ತಿದ್ದಳು.

ಅದಕ್ಕೇ ಇಬ್ಬರೂ ಕೂಡಿ ಒಂದು ದೊಡ್ಡ ಯಂತ್ರ ಮಾಡಿಸಿದೆವು. ಮಾಡಿಕೊಟ್ಟವರು ಗಂಗಾವತಿಯಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬ ಮಾಸ್ತರು. ಕುಷ್ಟಗಿಯಲ್ಲಿಟ್ಟರೆ ಅವನಿಗೆ ಅನುಮಾನ, ಯಲಬುರ್ಗಾದಲ್ಲಿಟ್ಟರೆ ನನಗೆ ಅನುಮಾನ. ಹೀಗಾಗಿ ಕೊಪ್ಪಳದಲ್ಲಿ ಒಂದು ಮಂಡಕ್ಕಿ ಒಗ್ಗರಣೆ-ಮಿರ್ಚಿ ಅಂಗಡಿಯ ಮೇಲಿನ ಕೋಣೆ ಹಿಡಿದೆವು. ಬಸ್ಸಿನಲ್ಲಿ ಹೋಗಿ ಹಾರ್ಡ್ ಡಿಸ್ಕ್ ಹಚ್ಚಿ ಬರುವುದು, ಆಮೇಲೆ ನಮ್ಮ ನಮ್ಮ ಊರಿನಲ್ಲೇ ಕೂತು ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡುವುದು. ಯಂತ್ರದ ಫ್ಯಾನು ಕೆಳಗಿನ ಅಂಗಡಿಯ ಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ಅದನ್ನು ಒರೆಸಿದ ಬಟ್ಟೆಗೆ ಸದಾ ಮೆಣಸಿನಕಾಯಿ ಬಜ್ಜಿಯ ವಾಸನೆ ಇರುತ್ತಿತ್ತು.

ಮೊದಲ ದಿನವೇ ಮಾಸ್ತರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದರು.

"ಒಂದು ಯಂತ್ರ, ಇಬ್ಬರು ಮಂದಿ. ಇದನ್ನ ಪಂಕ್ತಿ ಊಟ ಅನ್ಕೋರಿ. ಬಡಸಾವ ಒಬ್ಬನ ಇರ್ತಾನ. ಅವ ಎಲ್ಲಾರ ಎಲಿಗೂ ಚೂರ್ ಚೂರ್ ಹಾಕ್ಕೋಂತ ತಿರಗತಾನ. ನೀವು ಹಚ್ಚಿದ ಒಂದೊಂದು ಕೆಲಸಕ್ಕೂ ಒಂದು ಅಂಕಿ ಇರತೈತಿ. ಸುಮ್ನ ಹಚ್ಚಿದ್ರ ಸೊನ್ನಿ. ಅಂಕಿ ಏರಿಸಿದಂಗೆಲ್ಲ 'ನನಗ ಆಮ್ಯಾಲ ಹಾಕ್ರಿ, ಮೊದಲು ಅವರಿಗೆ ಹಾಕ್ರಿ' ಅಂದಂಗ. ಹತ್ತೊಂಬತ್ತಂದ್ರ ಮುಗೀತು, ಪಂಕ್ತಿ ಕಡೀಕ ಕೈ ಕಟಗೊಂಡು ಕುಂತಂಗ. ಎಲ್ಲಾರದೂ ಆಗಿ ಉಳದ್ರ ಅವಗ."

"ಹಚ್ಚೂ ಮುಂದ ಅಂಕಿ ಕೊಡೂದು ನೈಸ್. ಹಚ್ಚಿದ ಮ್ಯಾಲೆ ಬದಲಿ ಮಾಡೂದು ರಿನೈಸ್. ಯಾರ ಕೆಲಸಕ್ಕ ಯಾವ ಅಂಕಿ ಐತಿ ನೋಡಬೇಕಂದ್ರ ಟಾಪ್ ಅಂತ ಹೊಡೀರಿ, ಪಟ್ಟಿ ಬರತೈತಿ."

"ಸೊನ್ನಿಗಿಂತ ಕೆಳಗ?" ಎಂದು ಯಲಬುರ್ಗಾದವನು ಕೇಳಿದ. ಇಂಥ ಪ್ರಶ್ನೆ ಅವನಿಗೇ ಮೊದಲು ಹೊಳೆಯುತ್ತದೆ.

"ಮೈನಸ್ ಇಪ್ಪತ್ತರ ತನಕಾ ಐತಿ. ಅಲ್ಲಿ ಕುಂತವಗ ಮೊದಲು ಬಡಿಸಿ ಆಮ್ಯಾಲ ಉಳದಾವರಿಗೆ. ಆದ್ರ ಅಲ್ಲಿ ಕುಂದರಸೂ ಅಧಿಕಾರ ರೂಟ್ ಅಂಬಾವಗ ಅಷ್ಟ. ಆ ಪಾಸ್‌ವರ್ಡ್ ನನ್ನ ಕಡೆ ಇರತೈತಿ. ನಿಮ್ಮ ಮಾರಿ ನೋಡಿದ್ರ ಕೊಡಬೇಕು ಅನಸವಲ್ದು."

ಆಮೇಲೆ ಅವರು ಒಂದು ಮಾತು ಸೇರಿಸಿದರು. ಆಗ ನಾವಿಬ್ಬರೂ ಅದನ್ನು ಒಂದು ಕಿವಿಯಿಂದ ಕೇಳಿ ಇನ್ನೊಂದರಿಂದ ಬಿಟ್ಟೆವು. "ನಿಮ್ಮ ಕೆಲಸನ ಹಿಂದ ಸರಸಾಕ ಯಾರ ಪರವಾನಗಿನೂ ಬ್ಯಾಡ. ಆದ್ರ ಸರಸಿದ ಮ್ಯಾಲೆ ಮತ್ತ ಮುಂದ ತರಾಕ ನಿಮಗ ಬರೂದಿಲ್ಲ. ಅದಕ್ಕ ನಾನ ಬೇಕು. ಭಾಳ ದೊಡ್ಡ ಮನಸು ಮಾಡಾಕ ಹೋಗಬ್ಯಾಡ್ರಿ."

ದೊಡ್ಡ ಮನಸ್ಸು! ಮಾಸ್ತರಿಗೆ ನಮ್ಮ ಪರಿಚಯ ಇನ್ನೂ ಸರಿಯಾಗಿ ಆಗಿರಲಿಲ್ಲ. ನಮ್ಮಿಬ್ಬರ ಕೆಲಸಗಳೂ ಸೊನ್ನೆ ಬಿಟ್ಟು ಒಂದು ಅಂಕಿ ಆಚೆ ಸರಿಯಲಿಲ್ಲ. ಇಬ್ಬರೂ ಸೊನ್ನೆಯಲ್ಲಿದ್ದರೆ ಯಂತ್ರ ಅರ್ಧರ್ಧ ಹಂಚುತ್ತದೆ. ಅರ್ಧ ಸಾಕು ಎನ್ನುವವನು ಬಸ್ಸಿನಲ್ಲಿ ಟವೆಲ್ ಏಕೆ ಒಗೆಯುತ್ತಾನೆ? ಬಡಿಸುವವನು ಎಲೆ ನೋಡಿ ಬಡಿಸುತ್ತಾನೆ ತಾನೇ, ಎಲೆ ಮುಂದೆ ಕೂತವನ ಮುಖ ನೋಡಿ ಅಲ್ಲವಲ್ಲ ಎಂದು ನನಗೆ ಹೊಳೆಯಿತು. ಒಂದು ಮದುವೆಯನ್ನು ಒಂದೇ ಕೆಲಸವಾಗಿ ಹಚ್ಚುವ ಬದಲು ತುಂಡು ಮಾಡಿದೆ. ಅರಿಶಿನ ಒಂದು, ಮುಹೂರ್ತದ ಅಕ್ಕಿಕಾಳು ಒಂದು, ಊಟ ಒಂದು, ಮದುಮಗಳನ್ನು ಕಳಿಸಿಕೊಡುವುದು ಒಂದು. ಎಲ್ಲವನ್ನೂ ಒಟ್ಟಿಗೆ ಹಚ್ಚಿದೆ. ಈಗ ಅವನದು ಒಂದು ಎಲೆ, ನನ್ನವು ನಾಲ್ಕು. ಸೊಗಸಾಗಿ ನಡೆಯಿತು. ಮಧ್ಯಾಹ್ನಕ್ಕೆ ಅವನ ಫೋನು ಬಂತು.

"ಲೇ ಕುಷ್ಟಗಿ, ಒಬ್ಬಾವ ನಾಕ್ ಸೀಟಿಗೆ ಟವಲ್ ಒಗದೀಯೇನ್ಲೇ?"

"ನಿನ್ನ ಕಡೆ ಟವಲ್ ಇದ್ರ ನೀನೂ ಒಗಿ, ನಾ ಯಾವಾಗ ಬ್ಯಾಡಂದೀನಿ?"

ಒಗೆದ. ಮರುದಿನ ಟಾಪ್ ಹೊಡೆದು ನೋಡಿದರೆ ಪಟ್ಟಿಯ ತುಂಬ ಅವನವೇ. ಸೀಮಂತದ ಒಬ್ಬೊಬ್ಬ ಮುತ್ತೈದೆಗೆ ಒಂದೊಂದು ಕೆಲಸ ಹಚ್ಚಿದ್ದ. ನಾನು ಇನ್ನಷ್ಟು ತುಂಡು ಮಾಡಿದೆ. ಕೊನೆಗೆ ಯಂತ್ರ ಉಸಿರುಗಟ್ಟಿ ನಿಂತು, ಮಾಸ್ತರು ಗಂಗಾವತಿಯಿಂದ ಬಂದು ಇಬ್ಬರಿಗೂ ಬೈದು ಹೋದರು. ಅವರು ಬೈಯುತ್ತಿರುವಾಗ ನಾವಿಬ್ಬರೂ ಶಾಲೆಯ ಹುಡುಗರಂತೆ ತಲೆ ತಗ್ಗಿಸಿ ನಗು ತಡೆದುಕೊಂಡು ನಿಂತಿದ್ದೆವು. ಅವರು ಹೋದ ಮೇಲೆ ಕೆಳಗಿಳಿದು ಮಿರ್ಚಿ ತಿಂದೆವು. ನನ್ನ ತಟ್ಟೆಯದನ್ನೂ ಅವನೇ ಎತ್ತಿಕೊಂಡ. ಆ ದಿನಗಳಲ್ಲಿ ನಾನು ಬಹಳ ಸುಖವಾಗಿದ್ದೆ. ಅದು ಸುಖ ಎಂದು ಆಗ ಗೊತ್ತಿರಲಿಲ್ಲ, ಅಷ್ಟೇ.

ಅವನಿಗೆ ಒಬ್ಬ ಮಗ, ನನಗೆ ಒಬ್ಬಳು ಮಗಳು. ಇಬ್ಬರೂ ಕೊಪ್ಪಳದಲ್ಲೇ ನೌಕರಿ ಮಾಡುತ್ತಿದ್ದರು. ನಾವಿಬ್ಬರೂ ಕೊಪ್ಪಳಕ್ಕೆ ಯಂತ್ರದ ಕೆಲಸಕ್ಕೆ ಹೋದಾಗ ಅವರೂ ಬಂದು ಮಿರ್ಚಿ ತಿಂದು ಹೋಗುತ್ತಿದ್ದರು. ಮುಂದಿನದನ್ನು ವಿವರಿಸಬೇಕಾಗಿಲ್ಲ. ಮಕ್ಕಳು ಒಪ್ಪಿಕೊಂಡರು, ಇಬ್ಬರು ತಾಯಂದಿರು ಫೋನಿನಲ್ಲೇ ಮಾತು ಮುಗಿಸಿದರು. ಅಪ್ಪಂದಿರಿಗೆ ತಿಳಿಯುವ ಹೊತ್ತಿಗೆ ಮುಹೂರ್ತ ಕೇಳಿಯಾಗಿತ್ತು. ನನಗೆ ಬಹಳ ಸಂತೋಷವಾಯಿತು. ಅವನಂಥ ಒರಟನ ಹೊಟ್ಟೆಯಲ್ಲಿ ಅಂಥ ಸೌಮ್ಯ ಹುಡುಗ ಹೇಗೆ ಹುಟ್ಟಿದ ಎಂದು ಅವನನ್ನು ಕೆಣಕಬೇಕೆಂದು ಫೋನ್ ಎತ್ತಿಕೊಂಡೆ. ಹೆಂಡತಿ ನನ್ನ ಕೈಯಿಂದ ಫೋನ್ ಕಸಿದಳು.

"ಇನ್ನ ಮ್ಯಾಲೆ ಅವರು ಬೀಗರು. ನಮ್ಮದು ಹೆಣ್ಣಿನ ಕಡಿ. ಲೇ ಗೀ ಅಂದ್ರ ನಮ್ಮ ಮಂದಿ ಏನಂತಾರ? 'ರೀ' ಹಚ್ಚಿ ಮಾತಾಡ್ರಿ. ಏನರ ಹೆಚ್ಚು ಕಡಿಮಿ ಆದ್ರ ಅನಸಗೊಳ್ಳಾಕಿ ನನ್ನ ಮಗಳು."

ಮಗಳ ಹೆಸರು ಎತ್ತಿದ ಮೇಲೆ ನಾನೇನು ಹೇಳಲಿ? ಗಂಟಲು ಸರಿಮಾಡಿಕೊಂಡು ಫೋನ್ ಹಚ್ಚಿದೆ. "ನಮಸ್ಕಾರ ರೀ ಬೀಗರ," ಎಂದೆ. ಅವನು ಬಿದ್ದು ಬಿದ್ದು ನಗುತ್ತಾನೆ ಎಂದು ಕಾದೆ. ಆ ಕಡೆಯಿಂದ ಅಷ್ಟೇ ಮೆತ್ತಗೆ, "ನಮಸ್ಕಾರ ಬೀಗರ. ಆರಾಮ ಅದೀರಿ?" ಎಂಬ ಮಾತು ಬಂತು. ಅವನ ಮನೆಯಲ್ಲೂ ಅದೇ ಪಾಠ ಆಗಿತ್ತು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಬೀಗರು ಬಂದರೆ ಎದ್ದು ನಿಲ್ಲಬೇಕು, ಕಾಲಿಗೆ ನೀರು ಕೊಡಬೇಕು, ಅವರು ಕೂತ ಮೇಲೆ ನಾವು ಕೂರಬೇಕು. ಗಂಡಿನ ತಂದೆಯಾದರೂ ಅವನೂ ಸೋಲುವವನಲ್ಲ. ಕೊಪ್ಪಳದ ಕೋಣೆಗೆ ಹೋಗುವ ಮೆಟ್ಟಿಲ ಬುಡದಲ್ಲಿ "ನೀವು ಮೊದಲ ಹತ್ರಿ ಬೀಗರ", "ಛೇ ಛೇ, ನೀವು ಹತ್ರಿ ಬೀಗರ" ಎಂದು ನಾವು ನಿಂತಿದ್ದರೆ ಒಗ್ಗರಣೆ ಅಂಗಡಿಯವನು ಸೌಟು ಹಿಡಿದು ನಮ್ಮನ್ನೇ ನೋಡುತ್ತಿದ್ದ. ಮಿರ್ಚಿ ತಟ್ಟೆಯಲ್ಲಿ ಕೊನೆಯದೊಂದು ಉಳಿದು ಆರಿ ತಣ್ಣಗಾಗಿ ವಾಪಸು ಹೋಗುತ್ತಿತ್ತು. ಬಸ್ಸು ಬಂದರೆ ಇಬ್ಬರೂ ಟವೆಲ್ ಹೆಗಲ ಮೇಲೆ ಹಾಕಿಕೊಂಡು ದೊಡ್ಡ ಮನುಷ್ಯರಂತೆ ನಿಲ್ಲುತ್ತಿದ್ದೆವು; ಊರವರೆಗೂ ನಿಂತೇ ಹೋಗುತ್ತಿದ್ದೆವು.

ಹೊರಗಿನಿಂದ ನೋಡಿದವರು "ಎಂಥಾ ಬೀಗರಪ್ಪಾ" ಎಂದು ಹೊಗಳಿದರು. ನನಗೆ ಮಾತ್ರ ಒಳಗೊಳಗೇ ಅಳು ಬರುವ ಹಾಗಾಗುತ್ತಿತ್ತು. ಮಗಳಿಗೆ ಒಳ್ಳೆಯ ಗಂಡ ಸಿಕ್ಕಿದ್ದ, ಆದರೆ ನನ್ನ ಗೆಳೆಯ ಕೈಬಿಟ್ಟು ಹೋಗಿದ್ದ. ನನಗೆ ಬೀಗರು ಬೇಕಾಗಿರಲಿಲ್ಲ. ಬೀಗರು ಯಾರಿಗೆ ಬೇಕು? ನನಗೆ 'ಲೇ' ಎನ್ನುವ ಒಬ್ಬ ಮನುಷ್ಯ ಬೇಕಾಗಿತ್ತು. ನನ್ನ ವಯಸ್ಸಿಗೆ ಹೊಸದಾಗಿ ಅಂಥವನನ್ನು ಎಲ್ಲಿಂದ ತರಲಿ?

ಮದುವೆ ಕೊಪ್ಪಳದಲ್ಲೇ ಎಂದು ಗೊತ್ತಾಯಿತು. ಮಗಳು ನನ್ನಲ್ಲಿ ಕೇಳಿದ್ದು ಒಂದೇ. "ಅಪ್ಪಾ, ನಾ ಸಣ್ಣಾಕಿದ್ದಾಗಿಂದು ನೀ ಶೂಟಿಂಗ್ ಮಾಡೀದಿ, ಅವರನ್ನ ಅವರಪ್ಪ ಮಾಡ್ಯಾರ. ಅಕ್ಕಿಕಾಳು ಬಿದ್ದ ಮ್ಯಾಲೆ, ಊಟದಕಿಂತ ಮೊದಲು ಎಲ್ಲಾರ ಮುಂದ ಎರಡೂ ತೋರಸ್ರಿ." ಮಂಟಪದಲ್ಲಿ ದೊಡ್ಡ ಪರದೆ ಇತ್ತು. ಅಪ್ಪಂದಿರಿಬ್ಬರೂ ಇದೇ ಕಸುಬಿನವರು. ಇಲ್ಲ ಎನ್ನುವ ಮಾತೇ ಇರಲಿಲ್ಲ.

ಹಳೆಯ ಟೇಪುಗಳನ್ನು ಹುಡುಕಿ ತೆಗೆದೆವು. ಅವುಗಳ ತುಂಬ ಗೆರೆ, ಚುಕ್ಕಿ, ಕರಕರ ಸದ್ದು. ಅದನ್ನೆಲ್ಲ ತೊಳೆದು ಚೊಕ್ಕ ಮಾಡಿ ರೆಂಡರ್ ಮಾಡುವುದು ಯಂತ್ರಕ್ಕೆ ಬಹಳ ಹೊತ್ತು ಹಿಡಿಯುವ ಕೆಲಸ. ಆದರೂ ಮೂರು ದಿನ ಮೊದಲೇ ಹಚ್ಚಿದ್ದೆವು, ಸಾಕಷ್ಟು ಸಮಯವಿತ್ತು. ನಾನು ಕುಷ್ಟಗಿಯಿಂದ ಮಗಳದನ್ನು ಹಚ್ಚಿದೆ, ಅವನು ಯಲಬುರ್ಗಾದಿಂದ ಮಗನದನ್ನು. ಟಾಪ್ ಹೊಡೆದು ನೋಡಿದೆ. ಎರಡೂ ಸೊನ್ನೆಯಲ್ಲಿ ಅಕ್ಕಪಕ್ಕ ಕೂತು ಉಣ್ಣುತ್ತಿದ್ದವು. ಗಂಡಿನ ಕಡೆಯವರ ಸಮಕ್ಕೆ ಹೆಣ್ಣಿನ ಕಡೆಯವರು ಕೂತುಬಿಟ್ಟರೆ ಹೇಗೆ ಎಂದು ನನ್ನೊಳಗೆ ಹೆಂಡತಿಯ ಧ್ವನಿಯಲ್ಲಿ ಯಾರೋ ಕೇಳಿದರು. ರಿನೈಸ್ ಹೊಡೆದು ನನ್ನದನ್ನು ಐದಕ್ಕೆ ಸರಿಸಿದೆ.

ಚಹಾ ಕುಡಿದು ಬಂದು ನೋಡಿದರೆ ಅವನದು ಹತ್ತಕ್ಕೆ ಇಳಿದಿದೆ. ಫೋನ್ ಮಾಡಿದೆ.

"ಇದೇನು ಮಾಡಿದ್ರಿ ಬೀಗರ? ಹುಡುಗಂದು ಮೊದಲು ಆಗಲಿ ಅಂತ ನಾ ಸರದ್ರ ನೀವು ನನ್ನಕಿಂತಾ ಹಿಂದ ಹೋಗೀರಿ?"

"ಮನಿಗೆ ಬರೂ ಲಕ್ಷ್ಮಿ ಬೀಗರ. ಆಕಿದು ಮೊದಲು ಆಗಲಿ."

"ಅದು ಹೆಂಗ ಆಗತೈತಿ ಬೀಗರ?" ಎಂದು ನಾನು ಹದಿನಾಲ್ಕಕ್ಕೆ ಹೋದೆ. ಅವನು ಹದಿನೇಳಕ್ಕೆ ಹೋದ. ನಾನು ಹತ್ತೊಂಬತ್ತು. ಇನ್ನು ಅವನು ಏನು ಮಾಡುತ್ತಾನೆ ನೋಡೋಣ ಎಂದು ಕಾದೆ. ಹತ್ತೊಂಬತ್ತರ ಆಚೆ ಅಂಕಿಯೇ ಇಲ್ಲ. ಅವನೂ ಹತ್ತೊಂಬತ್ತಕ್ಕೆ ಬಂದು ನನ್ನ ಪಕ್ಕದಲ್ಲಿ ಕೂತ. ಸೌಜನ್ಯದಲ್ಲಿ ಸರಿಸಮವಾದೆವು. ನಾವಿಬ್ಬರೂ ಪಂಕ್ತಿಯ ಕೊನೆಗೆ ಕೂತರೂ ಬೇರೆ ಯಾರೂ ಇಲ್ಲದಿದ್ದರೆ ಬಡಿಸುವವನು ನಮಗೇ ಬಡಿಸುತ್ತಾನಲ್ಲ, ಅರ್ಧರ್ಧ ಸಿಗುತ್ತದೆ. ಚಿಂತೆಯಿಲ್ಲ ಎಂದುಕೊಂಡು ಮದುವೆಯ ಗಡಿಬಿಡಿಯಲ್ಲಿ ಮುಳುಗಿದೆವು. ಮಂಟಪದ ಹೂವು, ಹುಗ್ಗಿಯ ಗೋಧಿ, ಬರುವ ಬಳಗ. ಆ ಮೂರು ದಿನ ಯಾರಿಗೂ ಟಾಪ್ ನೆನಪಾಗಲಿಲ್ಲ.

ಮದುವೆಯ ಬೆಳಿಗ್ಗೆ ಮಂಟಪದ ಒಂದು ಮೂಲೆಯಲ್ಲಿ ನಿಂತು ಫೋನಿನಲ್ಲೇ ಯಂತ್ರಕ್ಕೆ ಹೊಕ್ಕು ನೋಡಿದೆ.  ಮಗಳ ಬಾಲ್ಯ ಇನ್ನೂ ತೊಟ್ಟಿಲು ಬಿಟ್ಟು ಇಳಿದಿರಲಿಲ್ಲ. ಅವನ ಮಗನದೂ ಅಷ್ಟೇ. ಪಟ್ಟಿಯ ನೆತ್ತಿಯ ಮೇಲೆ ಸೊನ್ನೆಯಲ್ಲಿ ಮೂರನೆಯದೊಂದು ಕೆಲಸ ಕಾಲು ಚಾಚಿ ಕೂತು ಇಡೀ ಯಂತ್ರವನ್ನು ಉಣ್ಣುತ್ತಿತ್ತು. ಅದು ಮಾಸ್ತರದು; ಯಂತ್ರ ಖಾಲಿಯಿದ್ದಾಗ ಅವರೂ ತಮ್ಮ ಕೆಲಸ ಹಚ್ಚುವುದಿತ್ತು. ಅವರಿಗೆ ಬಯಲಾಟದ ಹುಚ್ಚು. ಊರೂರಿನಲ್ಲಿ ಬೆಳತನಕ ನಡೆದ ಆಟಗಳನ್ನು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದರು. ಅವನ್ನೆಲ್ಲ ಒಟ್ಟಿಗೆ ರೆಂಡರಿಗೆ ಹಚ್ಚಿಬಿಟ್ಟಿದ್ದರು. ಎರಡು ಮನೆಯ ಬೀಗರು ಕೈ ಕಟ್ಟಿಕೊಂಡು ಹಿಂದೆ ಕೂತಿದ್ದರೆ ಮುಂದೆ ಪೌರಾಣಿಕ ವೀರರು ಗದೆ ಬೀಸುತ್ತ ಎಲ್ಲ ತಿಂದು ಮುಗಿಸುತ್ತಿದ್ದರು.

ನನ್ನದನ್ನು ಸೊನ್ನೆಗೆ ತರಲು ರಿನೈಸ್ ಹೊಡೆದೆ. ಪರವಾನಗಿ ಇಲ್ಲ ಎಂದಿತು. ಆಗ ಮಾಸ್ತರ ಆ ಮಾತು ನೆನಪಾಯಿತು. ಅವರಿಗೆ ಫೋನ್ ಮಾಡಿದೆ. ಅವರು ನವಲಿಯಲ್ಲಿ ತಮ್ಮ ಬೀಗರ ಭತ್ತದ ಕೊಯ್ಲಿಗೆ ಹೋಗಿದ್ದರು. ಅಲ್ಲಿಂದ ನೇರ ನಮ್ಮ ಮದುವೆಯ ಊಟಕ್ಕೆ ಬರುತ್ತೇನೆ ಎಂದಿದ್ದರು. ಕೊಯ್ಯುವ ಮಷಿನ್ನಿನ ಗದ್ದಲದಲ್ಲಿ ಫೋನ್ ಯಾರಿಗೆ ಕೇಳಬೇಕು? ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.

ಯಲಬುರ್ಗಾದವನು ಪಟಗ ಸುತ್ತಿಕೊಂಡು ಬಾಗಿಲಲ್ಲಿ ಗುಲಾಬಿ ನೀರು ಚಿಮುಕಿಸುತ್ತ ನಿಂತಿದ್ದ. ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ. "ಸ್ವಲ್ಪ ಬರ್ರಿ ಬೀಗರ, ಒಂದು ತೊಂದರಿ ಆಗೇತಿ." ಅವನು ನಗುಮುಖದಿಂದಲೇ "ಏನಾತ್ರಿ ಬೀಗರ?" ಎಂದ. ಫೋನ್ ತೋರಿಸಿದೆ. ನಗು ಹಾಗೇ ಹೆಪ್ಪುಗಟ್ಟಿತು. ಇಬ್ಬರೂ ಯಾರಿಗೂ ಹೇಳದೆ ಹಿಂಬಾಗಿಲಿನಿಂದ ಹೊರಬಿದ್ದೆವು. ರೇಷ್ಮೆ ಅಂಗಿ, ಪಟಗ, ಕೈಯಲ್ಲಿ ಗುಲಾಬಿ ನೀರಿನ ದಾನಿ. ಬಿಸಿಲಿನಲ್ಲಿ ಓಡುವ ಇಬ್ಬರು ಬೀಗರನ್ನು ಕೊಪ್ಪಳದ ಮಂದಿ ನಿಂತು ನೋಡಿದರು.

ಮೆಟ್ಟಿಲ ಬುಡಕ್ಕೆ ಬಂದು ಅಭ್ಯಾಸಬಲದಿಂದ ನಾನು ನಿಂತೆ. "ನೀವು ಮೊದಲ ಹತ್ರಿ ಬೀ..."

"ಹತ್ತಲೇ ಮಗನ!" ಎಂದು ಅವನು ನನ್ನನ್ನು ಹಿಂದಿನಿಂದ ದಬ್ಬಿದ.

ಮೆಟ್ಟಿಲ ಮೇಲೆ ಮುಗ್ಗರಿಸಿ ಬಿದ್ದೆ. ಮೊಣಕಾಲು ತರಚಿತು. ಆ ಕ್ಷಣ ನನಗಾದ ಆನಂದ ಹೇಳತೀರದು. ಅವನು ನನ್ನನ್ನು ದಾಟಿಕೊಂಡು ಏರುತ್ತ ಬೈಯುತ್ತಲೇ ಇದ್ದ. "ಹಿಂದ ಸರೀ ಅಂತ ನಿನಗ ಯಾವ್ ಹೇಳಿದ್ದಲೇ? ನೀ ಸರದೀ ಅಂತ ನಾ ಸರದೆ. ನೀ ಮೊದಲಿನಂಗ ಕುಂಡಿ ಊರಿ ಕುಂತಿದ್ರ ನಾನೂ ಕುಂದರತಿದ್ದೆ!"

"ಹತ್ತಕ್ಕ ಹಾರಿದ್ದು ಯಾರಲೇ?" ಎಂದು ನಾನೂ ಕೂಗಿದೆ.  ಎಷ್ಟು ತಿಂಗಳ ಮೇಲೆ ಆಡಿದ ಮಾತು!

ಕೀಲಿಮಣೆ ಒಂದೇ. ಇಬ್ಬರೂ ಒಂದೇ ಕುರ್ಚಿಯ ಮೇಲೆ ಅರ್ಧರ್ಧ ಕೂತೆವು. ಹಿಂದೆ ಸರಿದದ್ದನ್ನು ಮುಂದೆ ತರಲು ಬರುವುದಿಲ್ಲ. ಸರಿ, ಆದರೆ ಕೊಂದು ಹೊಸದಾಗಿ ಹಚ್ಚಿದರೆ ಅದು ಸೊನ್ನೆಯಲ್ಲೇ ಹುಟ್ಟುತ್ತದೆ. ನಾನು ಕಿಲ್ ಹೊಡೆದೆ, ಅವನೂ ಹೊಡೆದ. ತೊಳೆದು ಚೊಕ್ಕ ಮಾಡುವ ಆಸೆ ಬಿಟ್ಟೆವು. ಗೆರೆ ಚುಕ್ಕಿ ಇದ್ದರೆ ಇರಲಿ. ಆದರೂ ಮಾಸ್ತರ ಗದೆಯವರು ಸೊನ್ನೆಯಲ್ಲೇ ಕೂತಿದ್ದಾರಲ್ಲ, ಅವರ ಜೊತೆ ಪಾಲು ಹಂಚಿಕೊಂಡರೆ ಅಕ್ಕಿಕಾಳಿನ ಹೊತ್ತಿಗೆ ಮುಗಿಯುವುದಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಟವಲ್," ಎಂದ ಅವನು.

ಒಗೆದೆವು ನೋಡಿ ಟವೆಲ್! ಮಗಳ ಅನ್ನಪ್ರಾಶನ ಒಂದು, ಜವಳ ಒಂದು, ಶಾಲೆಯ ಮೊದಲ ದಿನ ಒಂದು. ಅವನು ಮಗನ ಸೈಕಲ್ಲು, ಮಗನ ಗಾಯ, ಮಗ ಎತ್ತಿಗೆ ಮುತ್ತು ಕೊಟ್ಟದ್ದು. ಸಣ್ಣ ಸಣ್ಣ ತುಂಡು ಮಾಡಿ ಎಲ್ಲವನ್ನೂ ಒಟ್ಟಿಗೆ ಹಚ್ಚಿದೆವು. ಟಾಪ್ ಪಟ್ಟಿಯ ತುಂಬ ನಮ್ಮ ಮಕ್ಕಳೇ ಆದರು. ಬಯಲಾಟದ ವೀರರು ಇಕ್ಕಟ್ಟಿನಲ್ಲಿ ಮೂಲೆಗೆ ಸರಿದರು. "ನನ್ನ ಮಗಂದು ಮೊದಲು", "ಸರೀಲೇ, ನನ್ನ ಮಗಳದು ಮೊದಲು" ಎಂದು ಕೀಲಿಮಣೆಗೆ ಕೈ ಕೈ ಹೊಡೆದಾಡಿದೆವು. ಕೊನೆಗೆ ಬೇರೆ ಬೇರೆ ಜೋಡಿಸಲು ಸಮಯವೇ ಉಳಿಯಲಿಲ್ಲ. ಯಾವುದು ಮೊದಲು ಮುಗಿಯಿತೋ ಅದರ ಹಿಂದೆ ಇನ್ನೊಂದನ್ನು ಅಂಟಿಸಿ, ಪೆನ್‌ಡ್ರೈವಿಗೆ ಹಾಕಿಕೊಂಡು ಓಡಿದೆವು.

ಮಂಟಪದ ಬಾಗಿಲಲ್ಲಿ ಅವನ ಹೆಂಡತಿ ಕಣ್ಣು ಕೆಂಪು ಮಾಡಿಕೊಂಡು ನಿಂತಿದ್ದರು. ಅವರನ್ನು ಕಂಡದ್ದೇ ತಡ, ಅವನು ಪಟಗ ನೆಟ್ಟಗೆ ಮಾಡಿಕೊಂಡು ಬಾಗಿ, "ಬರ್ರಿ ಬೀಗರ, ನೀವು ಮೊದಲ ನಡೀರಿ," ಎಂದ.  ಮೆಟ್ಟಿಲ ಮೇಲಿನದೆಲ್ಲ ಗಡಿಬಿಡಿಯ ಮಾತು, ಗಡಿಬಿಡಿ ಮುಗಿಯಿತು, ಗೆಳೆಯ ಮತ್ತೆ ಹೋದ ಎಂದುಕೊಂಡೆ. "ನಡೀರಿ ಬೀಗರ," ಎಂದು ನಾನೂ ತಲೆ ತಗ್ಗಿಸಿ ಒಳಗೆ ಹೋದೆ.

ಅಕ್ಕಿಕಾಳು ಬಿದ್ದವು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಪರದೆ ಬೆಳಗಿತು. ಬೋಳು ತಲೆಯ ನನ್ನ ಮಗಳು, ಅದರ ಬೆನ್ನಿಗೇ ಸೈಕಲ್ಲಿನಿಂದ ಬಿದ್ದು ಅಳುವ ಅವನ ಮಗ. ಪಾಟಿ ಚೀಲ ಹೊತ್ತ ಮಗಳು, ಎತ್ತಿಗೆ ಮುತ್ತು ಕೊಡುವ ಮಗ. ಯಂತ್ರ ಮುಗಿಸಿದ ಹಾಗೆ ಅಂಟಿಸಿದ್ದರಿಂದ ಎರಡು ಬಾಲ್ಯಗಳೂ ಒಂದರೊಳಗೊಂದು ಕಲೆಸಿಹೋಗಿದ್ದವು. ಇಬ್ಬರೂ ಒಂದೇ ಅಂಗಳದಲ್ಲಿ ಬೆಳೆದವರ ಹಾಗೆ ಕಾಣುತ್ತಿದ್ದರು. ಮಗಳು ಬಾಸಿಂಗ ಹಿಡಿದುಕೊಂಡು ನಕ್ಕಳು. ನನಗೆ ಹಾಯೆನಿಸಿತು.

ಆಮೇಲೆ ಹುಡುಗನ ಹುಟ್ಟುಹಬ್ಬದ ತುಂಡು ಬಂತು. ಯಲಬುರ್ಗಾದ ಮನೆ, ಹುಡುಗ ಮೇಣದ ಬತ್ತಿ ಊದುತ್ತಿದ್ದಾನೆ. ಪರದೆಯ ಒಂದು ಬದಿಯಿಂದ ನನ್ನ ತಲೆ ಅರ್ಧ ಒಳಗೆ ಬಂತು. ಚೊಕ್ಕ ಮಾಡಿದ್ದರೆ ನಾವು ಇದನ್ನು ಕತ್ತರಿಸುತ್ತಿದ್ದೆವು. ಇಂದು ಎಲ್ಲಿತ್ತು ಸಮಯ? ಮಂಟಪದ ದೊಡ್ಡ ಸ್ಪೀಕರಿನಲ್ಲಿ ಅವನ ಎಳೆಯ ಗಂಟಲು ಗುಡುಗಿತು.

"ಲೇ ಕುಷ್ಟಗಿ! ಸರೀಲೇ ಆ ಕಡಿ! ಸೀಟ್ ಹಿಡಿದಂಗ ಬಂದು ನಿಂತಾನ ನನ್ನ ಮಗನ ಮುಂದ!"

 ನನ್ನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನ ಹೆಂಡತಿ ಗಂಡನನ್ನು ಸುಡುವ ಹಾಗೆ ನೋಡಿದರು. ಮರುಕ್ಷಣ ಮದುಮಗನೇ ಮೊದಲು ಹೋ ಎಂದು ನಕ್ಕ, ಆಮೇಲೆ ಮಂಟಪವೆಲ್ಲ ನಕ್ಕಿತು. ಹಿಂದಿನ ಸಾಲಿನ ಹುಡುಗರು "ಲೇ ಕುಷ್ಟಗಿ" ಎಂದು ಕೂಗತೊಡಗಿದರು. ನನ್ನ ಹೆಂಡತಿಯ ಸೆರಗಿನ ಮರೆಯೂ ನಗುವಿನಿಂದ ಅಲುಗುತ್ತಿತ್ತು. ಮದುವೆ ಏನೂ ಮುರಿಯಲಿಲ್ಲ.

ಊಟದ ಹೊತ್ತಿಗೆ ಮಾಸ್ತರು ಅಂಗಿಯ ತುಂಬ ಭತ್ತದ ಧೂಳು ಮಾಡಿಕೊಂಡು ಬಂದರು. ಅವರನ್ನು ಹಿಡಿದು ನಿಲ್ಲಿಸಿ ದೂರಿದೆ. ಅವರು ಅಂಗಿಯ ಧೂಳು ಕೊಡವಿಕೊಂಡರು.

"ನಿಮ್ಮಿಬ್ಬರದೂ ಹತ್ತೊಂಬತ್ತರಾಗ ಇದ್ವಲ್ಲೋ ಮಾರಾಯಾ. ಇವಕ್ಕೇನೂ ಅವಸರ ಇಲ್ಲ, ಯಾವಾಗಾದ್ರೂ ನಡೀತೈತಿ ಅಂತ ಮಾಡಿ ನಂದು ಹಚ್ಚಿ ಹೋದೆ. ಅವಸರ ಇದ್ದಾವರು ಹಿಂದ ಯಾಕ ಕುಂತಿದ್ರಿ?"

 ಬೀಗತನದ ರೀತಿಯನ್ನು ಅವರಿಗೆ ವಿವರಿಸುವ ಬದಲು ಹುಗ್ಗಿ ಉಣ್ಣಲು ಕಳಿಸಿದೆ.

ಬೀಗರ ಪಂಕ್ತಿ ಶುರುವಾಗಿತ್ತು. ಹೆಣ್ಣಿನ ಕಡೆಯವನು ನಾನು. ಎಲ್ಲರಿಗೂ ಬಡಿಸುವುದನ್ನು ನೋಡಿಕೊಂಡು ಕೊನೆಗೆ ಉಣ್ಣಬೇಕಾದವನು. ನೀರಿನ ಚೆಂಬು ಹಿಡಿದು ಸಾಲಿನುದ್ದಕ್ಕೂ ಉಪಚಾರ ಹೇಳುತ್ತ ಬಂದೆ. ನಡುವೆ ಯಲಬುರ್ಗಾದವನು ಕೂತಿದ್ದ. ಅವನ ಪಟಗ ತಲೆಯ ಮೇಲಿರಲಿಲ್ಲ. ಬಿಚ್ಚಿ ಪಕ್ಕದ ಕುರ್ಚಿಯ ಮೇಲೆ ಹಾಸಿದ್ದ. ಅವರ ಕಡೆಯ ಹಿರಿಯರೊಬ್ಬರು ಅಲ್ಲಿ ಕೂರಲು ಬಂದರೆ, "ಮಂದಿ ಅದಾರ್ರಿ, ಮಂದಿ ಅದಾರ," ಎಂದು ಬಸ್ಸಿನಲ್ಲಿ ಹೇಳಿದ ಹಾಗೆಯೇ ಹೇಳಿ ಆಚೆ ಕಳಿಸಿದ. ಅವನ ಹೆಂಡತಿ ಎದುರಿಗೇ ನಿಂತಿದ್ದರು, ನನ್ನ ಹೆಂಡತಿಯೂ.

ನನ್ನನ್ನು ಕಂಡು ಕೈ ಎತ್ತಿ ಕೂಗಿದ. "ಏನ್ಲೇ ಚೆಂಬು ಹಿಡಕೊಂಡು ತಿರಗಾಕತ್ತೀ? ಆವಾಗಿಂದ ಸೀಟ್ ಹಿಡಕೊಂಡು ಕುಂತೀನಿ. ಹುಗ್ಗಿ ಬರಾಕತ್ತೈತಿ, ಬಾ."

ಚೆಂಬನ್ನು ಅಲ್ಲೇ ಯಾರದೋ ಕೈಗೆ ಕೊಟ್ಟೆ. ಪಟಗ ಎತ್ತಿ ಅವನ ತೊಡೆಯ ಮೇಲೆ ಒಗೆದು ಕುರ್ಚಿಯಲ್ಲಿ ಕೂತೆ. ಬಡಿಸುವವನು ಬಂದ. ಯಲಬುರ್ಗಾದವನಿಗಿಂತ ಮೊದಲು ನಾನು ನನ್ನ ಎಲೆ ಮುಂದೆ ಸರಿಸಿದೆ.